ಒಂದು ಗ್ಲೌಸ್‌ಗೆ ಆರು ಅಧ್ಯಾಯ: ಸೇಫ್ಟಿ ಸಾಮಾನಿನ ಕಸ್ಟಮ್ಸ್ ಜಗಳ ಹಾಸನದ ತನಕ ಬರೋದು ಹೇಗೆ

ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಯಾವುದಾದ್ರೂ ಗಾರ್ಮೆಂಟ್ಸ್‌ನ ಕಟಿಂಗ್ ಸೆಕ್ಷನ್ ನೋಡಿ, ಬ್ಯಾಂಡ್ ನೈಫ್ ಮೆಷಿನ್ ಮುಂದೆ ನಿಂತಿರೋರ ಕೈಗೆ ಸಣ್ಣ ಸಣ್ಣ ಸ್ಟೀಲ್ ರಿಂಗ್ ಹೆಣೆದು ಮಾಡಿರೋ ಗ್ಲೌಸ್ ಇರುತ್ತೆ. ಆಲೂರು ದಾಟಿ ಸಕಲೇಶಪುರದ ಕಡೆ ತೋಟಕ್ಕೆ ಬಂದ್ರೆ ಔಷಧಿ ಹೊಡೆಯೋರ ಕೈಗೆ ಮೊಣಕೈ ತನಕ ಬರೋ ರಬ್ಬರ್ ಗ್ಲೌಸ್, ವೆಲ್ಡಿಂಗ್ ಶಾಪ್‌ನಲ್ಲಿ ಚರ್ಮದ್ದು, ಗೋಡೌನ್‌ನಲ್ಲಿ ಮೂಟೆ ಎತ್ತೋರಿಗೆ ದಾರದ ಗ್ಲೌಸಿನ ಅಂಗೈ ಭಾಗ ಮಾತ್ರ ನೈಟ್ರೈಲ್ ಅನ್ನೋ ಕೃತಕ ರಬ್ಬರ್‌ನಲ್ಲಿ ಅದ್ದಿರೋದು. ನಮಗೆ ಇದೆಲ್ಲಾ ಗ್ಲೌಸೇ, ಅಂಗಡಿಯವರು ಒಂದೇ ರ‍್ಯಾಕಲ್ಲಿ ಇಟ್ಟಿರ್ತಾರೆ. ಆದ್ರೆ ಇದೇ ಸಾಮಾನು ಹೊರದೇಶದಿಂದ ಬಂದು ಪೋರ್ಟಲ್ಲಿ ಇಳಿದಾಗ ಕಸ್ಟಮ್ಸ್ ಟ್ಯಾರಿಫ್ ಪುಸ್ತಕ ಅದನ್ನ ಆರು ಕಡೆ ಹಂಚುತ್ತೆ: ಸ್ಟೀಲ್‌ದು 73ನೇ ಅಧ್ಯಾಯ, ಪ್ಲಾಸ್ಟಿಕ್‌ದು 3926, ರಬ್ಬರ್‌ದು 4015, ಚರ್ಮದ್ದು 4203, ಹೆಣೆದ ಬಟ್ಟೆದು 6116, ನೇಯ್ದ ಬಟ್ಟೆದು 6216, ನಾಲ್ಕಂಕಿಯಲ್ಲಿ ಮೊದಲೆರಡು ಅಧ್ಯಾಯದ ನಂಬರು. ಒಂದೊಂದಕ್ಕೂ ಬೇರೆ ಕೋಡು, ಎಷ್ಟೋ ಸಲ ಬೇರೆ ರೇಟು, ಬೇರೆ ವಿನಾಯಿತಿ. ಜಗಳ ಹುಟ್ಟೋದೇ ಇಲ್ಲಿ.

ಈ ವಿಷಯ ಬರೀ ಸಿಎಚ್‌ಎಗಳು (ಕಸ್ಟಮ್ಸ್ ಕ್ಲಿಯರೆನ್ಸ್ ಮಾಡಿಸೋ ಏಜೆಂಟರು), ಟ್ಯಾಕ್ಸ್ ಲಾಯರ್‌ಗಳು ಮಾತಾಡಿಕೊಳ್ಳೋ ವಿಷಯ ಅಂತ ಬಿಟ್ಟುಬಿಡ್ತೀವಿ, ಹಾಗೆ ಬಿಡಬಾರದು ಅನ್ನೋದು ನನ್ನ ಅಭಿಪ್ರಾಯ, ಯಾಕಂದ್ರೆ ಕೊನೆಗೆ ಕೋಡ್ ಸರಿಯಿಲ್ಲ ಅಂತ ಸಾಮಾನು ನಿಂತರೆ ನಿಲ್ಲೋದು ಒಬ್ಬ ಕೂಲಿಯವನ ಕೈಗೆ ಬರಬೇಕಾದ ಗ್ಲೌಸು, ಮೂಗಿಗೆ ಬರಬೇಕಾದ ಮಾಸ್ಕು. ಅದೂ ಈಗ ಹೊಸ ಲೇಬರ್ ಕೋಡ್‌ಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ, ಕೆಲಸದ ಜಾಗದ ಸುರಕ್ಷತೆ ಬಗ್ಗೆ ಇರೋ ಕೋಡು ಕಾರ್ಖಾನೆಗೆ ಮಾತ್ರ ಅಲ್ಲ ಪ್ಲಾಂಟೇಶನ್‌ಗೂ ಅನ್ವಯಿಸುತ್ತೆ, ಔಷಧಿ ಮುಟ್ಟೋ ಕೆಲಸಗಾರರಿಗೆ ರಕ್ಷಣಾ ಸಾಮಾನು ಕೊಡೋ ಜವಾಬ್ದಾರಿ ತೋಟದ ಮಾಲೀಕರದ್ದು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ಕಾಫಿ ತೋಟ, ಕಾಫಿ ಹೊಟ್ಟು ಬಿಡಿಸೋ ಕ್ಯೂರಿಂಗ್ ವರ್ಕ್ಸ್, ಗಾರ್ಮೆಂಟ್ಸ್, ಟೆಕ್ಸ್‌ಟೈಲ್, ಸಣ್ಣ ಫ್ಯಾಬ್ರಿಕೇಶನ್ ಶೆಡ್‌ಗಳು ಎಷ್ಟಿವೆ ಅಂತ ನಮಗೇ ಗೊತ್ತು. ಬೇಡಿಕೆ ಏರುತ್ತೆ, ಏರಬೇಕು ಕೂಡ.

ಮೊದಲು ಪುಸ್ತಕ ಹೇಗೆ ಕೆಲಸ ಮಾಡುತ್ತೆ ನೋಡೋಣ. ಬ್ರಸೆಲ್ಸ್‌ನಲ್ಲಿರೋ ವರ್ಲ್ಡ್ ಕಸ್ಟಮ್ಸ್ ಆರ್ಗನೈಸೇಶನ್ ಹಾರ್ಮೊನೈಸ್ಡ್ ಸಿಸ್ಟಮ್ ಅನ್ನೋ ಪಟ್ಟಿ ನಡೆಸುತ್ತೆ, 1988ರಿಂದ ಜಾರಿಯಲ್ಲಿದೆ, ಎಚ್‌ಎಸ್ ಕೋಡ್ ಅಂತ ಎಲ್ಲರೂ ಹೇಳೋದು ಇದನ್ನೇ. ಮೊದಲ ಆರು ಅಂಕಿ ಆ ಪಟ್ಟಿ ಒಪ್ಪಿರೋ ದೇಶಗಳಿಗೆಲ್ಲಾ ಒಂದೇ, ಆಮೇಲಿನ ಎರಡು ಅಂಕಿ ನಮ್ಮ ದೇಶ ಸೇರಿಸಿರೋದು, ಒಟ್ಟು ಎಂಟು. ಇದೇ ಪಟ್ಟಿ ನಮ್ಮ 1975ರ ಕಸ್ಟಮ್ಸ್ ಟ್ಯಾರಿಫ್ ಆಕ್ಟ್‌ನ ಫಸ್ಟ್ ಶೆಡ್ಯೂಲಲ್ಲಿ ಕೂತಿದೆ. ಪಟ್ಟಿಯ ಬಹುಪಾಲು ಭಾಗ ಸಾಮಾನನ್ನ ವಿಂಗಡಿಸೋದು ಅದು ಯಾವುದರಿಂದ ಮಾಡಿದ್ದು ಅನ್ನೋದರ ಮೇಲೆ. ಪ್ಲಾಸ್ಟಿಕ್ಕಾ, ರಬ್ಬರಾ, ಚರ್ಮವಾ, ಬಟ್ಟೆಯಾ, ಕಬ್ಬಿಣವಾ. ಮೆಷಿನ್ನು 84 ಮತ್ತು 85, ಅಳತೆ ಉಪಕರಣ 90. ಯಾರನ್ನ ಯಾವ ಅಪಾಯದಿಂದ ಕಾಪಾಡುತ್ತೆ ಅನ್ನೋದು ಅದರ ಪ್ರಶ್ನೆಯೇ ಅಲ್ಲ. "ಸೇಫ್ಟಿ ಸಾಮಾನು" ಅಂತ ಒಂದು ಅಧ್ಯಾಯ ಎಲ್ಲೂ ಇಲ್ಲ.

ಉಪಯೋಗವನ್ನ ಹೆಸರಿಸಿ ಬರೆದಿರೋ ಕಡೆ ಜಗಳ ಎಷ್ಟು ಕಮ್ಮಿ ಅನ್ನೋದಕ್ಕೆ ಹೆಲ್ಮೆಟ್ ನೋಡಿ. 6506 10 ಅಂದ್ರೆ ಸೇಫ್ಟಿ ಹೆಡ್‌ಗಿಯರ್, ಅಷ್ಟೇ, ಫೈಬರ್ ಆಗಲಿ ಪ್ಲಾಸ್ಟಿಕ್ ಆಗಲಿ ಅಲ್ಲಿಗೇ ಹೋಗುತ್ತೆ. ಕಣ್ಣಿಗೆ ಹಾಕೋ ಗಾಗಲ್ಸ್‌ಗೂ 9004 ಇದೆ, ರಕ್ಷಣೆಯ ಕನ್ನಡಕ ಅಂತ ಅದರಲ್ಲೇ ಬರೆದಿದೆ. ಆದ್ರೆ ಅದೇ ಗಾಗಲ್ಸ್ ಸ್ವಲ್ಪ ದೊಡ್ಡದಾಗಿ ಮುಖವೆಲ್ಲಾ ಮುಚ್ಚೋ ಫೇಸ್ ಶೀಲ್ಡ್ ಆದ್ರೆ, ಅಂದ್ರೆ ಕಳೆ ಹೊಡೆಯೋ ಮೆಷಿನ್ ಜೊತೆ ಹಾಕ್ಕೊಳ್ಳೋ ಥರದ್ದು, ಅದು 9004 ಬಿಟ್ಟು ಪ್ಲಾಸ್ಟಿಕ್ ಸಾಮಾನಿನ 3926ಕ್ಕೆ ಹೋಗುತ್ತೆ. ಕಣ್ಣಷ್ಟೇ ಮುಚ್ಚುತ್ತಾ ಕಣ್ಣಿಗಿಂತ ಜಾಸ್ತಿ ಮುಚ್ಚುತ್ತಾ ಅನ್ನೋದೇ ಅಲ್ಲಿ ಗೆರೆ.

ಗೊಂದಲ ಬಂದಾಗ ಬಿಡಿಸೋಕೆ ಜನರಲ್ ರೂಲ್ಸ್ ಅಂತ ಆರು ನಿಯಮ ಇವೆ. ಮೊದಲನೇದು, ಹೆಡಿಂಗ್‌ನ, ಅಂದ್ರೆ ನಾಲ್ಕಂಕಿ ಸಾಲಿನ, ಮಾತು ಮತ್ತು ಅಧ್ಯಾಯದ ನೋಟ್ಸ್ ಏನು ಹೇಳುತ್ತೋ ಅದೇ ಅಂತಿಮ, ಅಧ್ಯಾಯದ ಶೀರ್ಷಿಕೆ ಹುಡುಕೋ ಅನುಕೂಲಕ್ಕೆ ಮಾತ್ರ. ಹೆಚ್ಚು ಜಗಳ ನಡೆಯೋದು ಮೂರನೇ ನಿಯಮದ ಮೇಲೆ: ಎರಡು ಹೆಡಿಂಗ್‌ಗೂ ಹೊಂದೋ ಹಾಗಿದ್ರೆ ಹೆಚ್ಚು ನಿರ್ದಿಷ್ಟವಾಗಿ ವಿವರಿಸೋದು ಗೆಲ್ಲುತ್ತೆ, ಅದೂ ಆಗಲಿಲ್ಲ ಅಂದ್ರೆ ಸಾಮಾನಿಗೆ ಮುಖ್ಯ ಗುಣ ಕೊಡೋ ವಸ್ತು ಯಾವುದು ಅಂತ ನೋಡಬೇಕು, ಅದೂ ತೀರ್ಮಾನ ಆಗಲಿಲ್ಲ ಅಂದ್ರೆ ನಂಬರ್ ಪ್ರಕಾರ ಕೊನೆಗೆ ಬರೋ ಹೆಡಿಂಗ್. ಈಗ ಅಂಗೈ ಚರ್ಮ, ಹಿಂಬದಿ ಕಾಟನ್ ಬಟ್ಟೆ ಇರೋ ಲೋಡಿಂಗ್ ಗ್ಲೌಸ್ ತಗೊಳ್ಳಿ. ಮುಖ್ಯ ಗುಣ ಕೊಡೋದು ಯಾವುದು? ಕೈ ಹರಿಯದ ಹಾಗೆ ತಡೆಯೋದು ಚರ್ಮ, ಹಾಗಾಗಿ 4203 ಅಂತ ಒಬ್ಬರು. ಅಳತೆ ಮಾಡಿದ್ರೆ ಬಟ್ಟೆಯೇ ಜಾಸ್ತಿ, 6216 ಅಂತ ಇನ್ನೊಬ್ಬರು. ಇಬ್ಬರ ವಾದದಲ್ಲೂ ಹುರುಳಿದೆ, ಬೇಕಂತಲೇ ಸುಳ್ಳು ಹೇಳೋರು ಯಾರೂ ಇಲ್ಲ. ಅದ್ದಿದ ಗ್ಲೌಸ್‌ಗೆ 6116 10ರಲ್ಲಿ ರಬ್ಬರ್ ಅಥವಾ ಪ್ಲಾಸ್ಟಿಕ್ ಲೇಪಿಸಿದ ಹೆಣಿಗೆ ಗ್ಲೌಸ್ ಅಂತ ಸ್ಪಷ್ಟವಾಗಿ ಇದೆ, ಆದ್ರೂ ರಬ್ಬರ್ ದಪ್ಪ ಇದ್ದು ಒಳಗಡೆ ತೆಳ್ಳಗೆ ಹತ್ತಿ ಲೈನಿಂಗ್ ಮಾತ್ರ ಇರೋ ಕೆಮಿಕಲ್ ಗ್ಲೌಸ್ ಬಂದಾಗ ಅದು ರಬ್ಬರ್ ಗ್ಲೌಸಾ, ರಬ್ಬರ್ ಬಳಿದ ಬಟ್ಟೆ ಗ್ಲೌಸಾ ಅನ್ನೋ ಪ್ರಶ್ನೆ ಮತ್ತೆ ಶುರು.

ಮಾಸ್ಕ್ ಇನ್ನೂ ಕಷ್ಟ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಹೊಟ್ಟಿನ ಧೂಳಿಗೆ ಹಾಕೋ ಮಾಸ್ಕೂ, ತೋಟದಲ್ಲಿ ಔಷಧಿ ಹೊಡೆಯುವಾಗ ಹಾಕಬೇಕಾದ ಎರಡು ಡಬ್ಬಿ ಫಿಲ್ಟರ್ ಇರೋ ಮಾಸ್ಕೂ ಬೇರೆ ಬೇರೆ. ಹೆಡಿಂಗ್ 9020 ಉಸಿರಾಟದ ಉಪಕರಣ, ಗ್ಯಾಸ್ ಮಾಸ್ಕ್‌ಗಳಿಗೆ, ಆದ್ರೆ ಅದರಲ್ಲೇ ಒಂದು ಹೊರಗಿಡೋ ಮಾತಿದೆ: ಮೆಕ್ಯಾನಿಕಲ್ ಭಾಗವೂ ಇಲ್ಲ, ಬದಲಾಯಿಸಬಹುದಾದ ಫಿಲ್ಟರೂ ಇಲ್ಲ ಅನ್ನೋ ಮಾಸ್ಕ್ ಇಲ್ಲಿ ಸೇರಲ್ಲ. ಅಂಥದ್ದು ನಾನ್‌ವೋವನ್ ಬಟ್ಟೆದಾಗಿದ್ರೆ 6307ಕ್ಕೆ. ಡಬ್ಬಿ ಫಿಲ್ಟರ್ ತಿರುಗಿಸಿ ಹಾಕೋದು 9020, ಸರಿ. ಸಾದಾ ಎನ್95 6307, ಅದೂ ಸರಿ. ಆದ್ರೆ ಎನ್95 ಮುಂದೆ ಉಸಿರು ಹೊರಹೋಗೋಕೆ ಒಂದು ಸಣ್ಣ ವಾಲ್ವ್ ಇರುತ್ತಲ್ಲ, ಬಿಳಿ ಪ್ಲಾಸ್ಟಿಕ್ ಬಿಲ್ಲೆ, ಒಳಗೆ ಉಸಿರಿಗೆ ತೆರೆದು ಮುಚ್ಚೋ ಒಂದು ರಬ್ಬರ್ ಪೊರೆ, ಅದು ಮೆಕ್ಯಾನಿಕಲ್ ಭಾಗವಾ ಅಲ್ಲವಾ? ಪೊರೆ ಅಲ್ಲಾಡುತ್ತೆ, ಹಾಗಾಗಿ ಹೌದು ಅನ್ನಬಹುದು, ಅದು ಬರೀ ಬಾಗೋ ರಬ್ಬರ್ ತುಂಡು, ಯಂತ್ರ ಅನ್ನೋಕೆ ಏನೂ ಇಲ್ಲ ಅಂತಲೂ ಅನ್ನಬಹುದು. ಒಂದು ಮಾಸ್ಕ್‌ನ ಅಧ್ಯಾಯ 63ರಿಂದ 90ಕ್ಕೆ ಹಾರೋದು ಆ ಪೊರೆ ಮೇಲೆ ನಿಂತಿದೆ. ಇನ್ನು ಫಿಲ್ಟರ್ ಡಬ್ಬಿ ಬಿಡಿಯಾಗಿ ತರಿಸಿದ್ರೆ ಅದು ಮಾಸ್ಕಿನ ಭಾಗ ಅಂತ 9020ರಲ್ಲಾ, ಗಾಳಿ ಸೋಸೋ ಉಪಕರಣ ಅಂತ 8421ರಲ್ಲಾ ಅನ್ನೋದು ಇನ್ನೊಂದು ತಕರಾರು, 90ನೇ ಅಧ್ಯಾಯದ ಎರಡನೇ ನೋಟ್ ಹಿಡ್ಕೊಂಡು ಎರಡು ಕಡೆಯವರೂ ವಾದ ಮಾಡಬಹುದು.

ಗ್ಯಾಸ್ ಡಿಟೆಕ್ಟರ್ ಕೂಡ ಹೀಗೇ. ಕೊಳಚೆ ನೀರಿನ ಎಫ್ಲುಯೆಂಟ್ ಟ್ಯಾಂಕಿಗೆ, ಮ್ಯಾನ್‌ಹೋಲಿಗೆ ಇಳಿಯೋ ಮೊದಲು ಒಳಗೆ ವಿಷಗಾಳಿ ಇದೆಯಾ ಅಂತ ನೋಡೋ, ಸೊಂಟಕ್ಕೆ ಸಿಕ್ಕಿಸೋ ಸಣ್ಣ ಮೀಟರ್. ಗ್ಯಾಸ್ ಎಷ್ಟಿದೆ ಅಂತ ಅಳೆದು ತೋರಿಸುತ್ತೆ ಅಂದ್ರೆ 9027 10, ಗ್ಯಾಸ್ ಅಥವಾ ಹೊಗೆ ವಿಶ್ಲೇಷಿಸೋ ಉಪಕರಣ. ಬರೀ ಕೂಗಿ ಎಚ್ಚರಿಸುತ್ತೆ ಅಂದ್ರೆ 8531, ಬೆಂಕಿ ಕಳ್ಳತನದ ಅಲಾರ್ಮ್ ಜೊತೆ. ಆದ್ರೆ ಈಗ ಬರೋ ಮೀಟರ್‌ಗಳಲ್ಲಿ ಹೆಚ್ಚಿನವು ಎರಡೂ ಮಾಡುತ್ತವೆ, ಸ್ಕ್ರೀನಲ್ಲಿ ಅಂಕಿಯೂ ತೋರಿಸ್ತವೆ, ಮಿತಿ ದಾಟಿದ್ರೆ ಕೂಗ್ತವೆ. ಇಲ್ಲಿ ಓದಬೇಕಾದ್ದು 84, 85ನೇ ಅಧ್ಯಾಯ ಇರೋ ಹದಿನಾರನೇ ಸೆಕ್ಷನ್‌ನ ಮೊದಲನೇ ನೋಟು, 90ನೇ ಅಧ್ಯಾಯದ ಸಾಮಾನು ಈ ಸೆಕ್ಷನ್‌ನಲ್ಲಿ ಬರಲ್ಲ ಅಂತ ಅದರಲ್ಲಿದೆ. ಅಂದ್ರೆ ಮೊದಲು 9027ಕ್ಕೆ ಹೊಂದುತ್ತಾ ನೋಡಬೇಕು, ಹೊಂದಿದ್ರೆ 8531ರ ಬಾಗಿಲೇ ಮುಚ್ಚಿತು. ನನ್ನ ಪ್ರಕಾರ ಅಳೆದು ಅಂಕಿ ತೋರಿಸೋ ಮೀಟರ್ 9027ಕ್ಕೇ ಹೋಗಬೇಕು. ಆದ್ರೆ ಇನ್‌ವಾಯ್ಸ್‌ನಲ್ಲಿ ಸಪ್ಲೈಯರ್ "ಗ್ಯಾಸ್ ಅಲಾರ್ಮ್" ಅಂತ ಒಂದು ಮಾತು ಬರೆದಿದ್ರೆ ಸಾಕು, ಅಸೆಸಿಂಗ್ ಆಫೀಸರ್ ಅದನ್ನೇ ಹಿಡ್ಕೊಳ್ತಾರೆ.

ನಮ್ಮ ಕಡೆಗೆ ತೀರಾ ಹತ್ತಿರದ ಎರಡು ಸಾಮಾನು ಹೇಳ್ತೀನಿ. ಒಂದು, ಮರಗಸಿಗೆ, ಅಂದ್ರೆ ತೋಟದ ನೆರಳಿನ ಮರದ ಕೊಂಬೆ ಕಡಿಯೋಕೆ, ಸಿಲ್ವರ್ ಓಕ್ ಹತ್ತೋರಿಗೆ ಬೇಕಾದ ಫುಲ್ ಬಾಡಿ ಹಾರ್ನೆಸ್. ಪಟ್ಟಿ ಪಾಲಿಯೆಸ್ಟರ್, ಕೊಂಡಿ ಸ್ಟೀಲ್, ಹಗ್ಗ ನೈಲಾನ್. ಸಾಮಾನ್ಯವಾಗಿ ಬಟ್ಟೆ ಸಾಮಾನು ಅಂತ 6307 90, ಆದ್ರೆ ಅದೇ ಹೆಡಿಂಗಲ್ಲಿ ಲೈಫ್ ಜಾಕೆಟ್, ಲೈಫ್ ಬೆಲ್ಟ್‌ಗೆ 6307 20 ಇದೆ, ಅದು ನೀರಲ್ಲಿ ಮುಳುಗದ ಹಾಗೆ ಕಾಪಾಡೋದು, ಹೆಸರಲ್ಲಿ ಬೆಲ್ಟ್ ಇದೆ ಅಂತ ಮರ ಹತ್ತೋ ಬೆಲ್ಟನ್ನ ಅಲ್ಲಿ ಹಾಕಿದ್ರೆ ತಪ್ಪು. ಹಗ್ಗ ಬೇರೆ, ಕೊಂಡಿ ಬೇರೆ, ಬಿದ್ದಾಗ ಹಗ್ಗ ಹಿಡಿದು ನಿಲ್ಲಿಸೋ ಬ್ಲಾಕ್ ಬೇರೆ ಪ್ಯಾಕ್ ಮಾಡಿ ಬಂದ್ರೆ ಪ್ರತಿಯೊಂದಕ್ಕೂ ಪ್ರಶ್ನೆ. ಇನ್ನೊಂದು, ಏಣಿ. ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟ್ ಲೈನ್‌ಗೆ ತಾಗಿ ಜೀವ ಹೋಗೋದು ಹಾಸನ, ಚಿಕ್ಕಮಗಳೂರು, ಕೊಡಗಲ್ಲಿ ಪದೇ ಪದೇ ಕೇಳೋ ಸುದ್ದಿ, ಓದಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಅದಕ್ಕೆ ಬದಲು ಕರೆಂಟ್ ಹರಿಯದ ಫೈಬರ್‌ಗ್ಲಾಸ್ ಏಣಿ ಇದೆ. ಅಲ್ಯೂಮಿನಿಯಂ ಏಣಿ 7616 ಅಂತ ಯಾರೂ ತಕರಾರು ಮಾಡಲ್ಲ. ಫೈಬರ್‌ಗ್ಲಾಸ್ ಏಣಿ ಮಾತ್ರ ಗಾಜಿನ ನಾರಿನ 7019ಕ್ಕಾ, ಪ್ಲಾಸ್ಟಿಕ್‌ನ 3926ಕ್ಕಾ? ನಾರು ಗಟ್ಟಿ ಪ್ಲಾಸ್ಟಿಕ್ ಒಳಗೆ ಸೇರಿ ಹೋಗಿ ಸಾಮಾನು ಪ್ಲಾಸ್ಟಿಕ್ ಗುಣದ್ದೇ ಆಗಿದ್ರೆ 39ನೇ ಅಧ್ಯಾಯ ಅನ್ನೋದು ಒಪ್ಪಿತ ದಾರಿ, ಆದ್ರೂ ಹೆಸರಲ್ಲಿ ಗ್ಲಾಸ್ ಇದೆ ಅನ್ನೋ ಕಾರಣಕ್ಕೇ ಕ್ವೆರಿ ಬರೋಕೆ ಜಾಗ ಇದೆ. ಜೀವ ಉಳಿಸೋ ಏಣಿಗೆ ಇಷ್ಟು ತಲೆನೋವು ಯಾಕೆ ಇರಬೇಕು ಹೇಳಿ.

ಕೋಡ್ ಬದಲಾದ್ರೆ ಎಷ್ಟು ದುಡ್ಡು ಬದಲಾಗುತ್ತೆ? ಲೆಕ್ಕಕ್ಕೆ ಅಂತ ಇಟ್ಕೊಳ್ಳಿ, 10 ಲಕ್ಷ ಬೆಲೆಯ ಸಾಮಾನು, ಇಂಪೋರ್ಟರ್ ಹಾಕಿದ ಕೋಡಲ್ಲಿ ಬೇಸಿಕ್ ಡ್ಯೂಟಿ 10%, ಡಿಪಾರ್ಟ್‌ಮೆಂಟ್ ಹೇಳೋ ಕೋಡಲ್ಲಿ 20%, ಐಜಿಎಸ್‌ಟಿ ಎರಡಕ್ಕೂ 18%. ಮೊದಲನೇದ್ರಲ್ಲಿ ಡ್ಯೂಟಿ 1 ಲಕ್ಷ, ಅದರ ಮೇಲೆ ಹತ್ತು ಪರ್ಸೆಂಟ್ ಸೋಶಿಯಲ್ ವೆಲ್ಫೇರ್ ಸರ್‌ಚಾರ್ಜ್ 10,000, ಒಟ್ಟು 11.1 ಲಕ್ಷದ ಮೇಲೆ ಐಜಿಎಸ್‌ಟಿ 1,99,800, ಎಲ್ಲಾ ಸೇರಿ 3,09,800. ಎರಡನೇದ್ರಲ್ಲಿ 2 ಲಕ್ಷ, 20,000, ಐಜಿಎಸ್‌ಟಿ 2,19,600, ಒಟ್ಟು 4,39,600. ವ್ಯತ್ಯಾಸ 1,29,800. ಇದು ಸಾಮಾನು ಬಂದ ದಿನವೇ ಗೊತ್ತಾದ್ರೆ ಬೆಲೆಗೆ ಸೇರಿಸಿ ಮಾರಬಹುದು. ಮೂರು ವರ್ಷ ಆದ್ಮೇಲೆ ನೋಟಿಸ್ ಬಂದ್ರೆ ವರ್ಷಕ್ಕೆ 15% ಬಡ್ಡಿ ಸುಮಾರು 58,000, ಬೇಕಂತಲೇ ತಪ್ಪು ಹೇಳಿದ್ರು ಅಂತ ಆದ್ರೆ ಡ್ಯೂಟಿಯಷ್ಟೇ ಪೆನಾಲ್ಟಿ, ಒಟ್ಟು ಮೂರು ಲಕ್ಷ ದಾಟುತ್ತೆ. ಗ್ಲೌಸ್ ಅಷ್ಟೊತ್ತಿಗೆ ಯಾರದ್ದೋ ಕೈಯಲ್ಲಿ ಸವೆದು ಹರಿದು ಹೋಗಿರುತ್ತೆ, ಹಳೇ ರೇಟಿಗೆ ತಗೊಂಡ ಪಾರ್ಟಿ ಹತ್ರ ಹೋಗಿ ಇನ್ನಷ್ಟು ಕೊಡಿ ಅನ್ನೋಕಾಗುತ್ತಾ.

ಸೇಫ್ಟಿ ಶೂ ವಿಷಯದಲ್ಲಿ ರೇಟೇ ಭಾರ. ಪಾದರಕ್ಷೆ ಮೇಲಿನ ಡ್ಯೂಟಿ 2020ರ ಬಜೆಟ್‌ನಲ್ಲಿ 25%ರಿಂದ 35%ಗೆ ಏರಿತು, 2025ರಲ್ಲಿ ಅದನ್ನ 20% ಮಾಡಿ ಜೊತೆಗೆ 18.5% ಅಗ್ರಿ ಇನ್‌ಫ್ರಾ ಸೆಸ್ ಹಾಕಿದ್ರು, ಸರ್‌ಚಾರ್ಜ್ ತೆಗೆದ್ರು, ಅಂದ್ರೆ ಮೊದಲೂ 38.5%, ಆಮೇಲೂ 38.5%. ಕಾಲ್ಬೆರಳು ಕಾಯೋ ಸ್ಟೀಲ್ ಟೋ ಇರೋ ಚರ್ಮದ ಶೂಗೆ 6403 40 ಅಂತ ಬೇರೆ ಸಾಲಿದೆ, ಮಾತು "ಲೋಹದ ಟೋ ಕ್ಯಾಪ್" ಅಂತ ಇರೋದ್ರಿಂದ ಈಗ ಬರ್ತಿರೋ ಹಗುರ ಕಾಂಪೋಸಿಟ್ ಟೋ ಶೂ ಆ ಸಾಲಿಗೆ ಸೇರಲ್ಲ, ಕೆಲಸ ಒಂದೇ ಆದ್ರೂ. ಡ್ಯೂಟಿ ಒಂದೇ ಇರೋದ್ರಿಂದ ಇಲ್ಲಿ ಜಗಳ ದುಡ್ಡಿಗಿಂತ ಕಾಗದದ್ದು: ಸೇಫ್ಟಿ ಶೂಗೆ ಐಎಸ್ 15298 ಪ್ರಕಾರ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾರ್ಕ್ ಕಡ್ಡಾಯ ಮಾಡೋ ಕ್ವಾಲಿಟಿ ಕಂಟ್ರೋಲ್ ಆರ್ಡರ್ ಇದೆ, ಕಸ್ಟಮ್ಸ್‌ಗೆ ಸಲ್ಲಿಸೋ ಬಿಲ್ ಆಫ್ ಎಂಟ್ರಿಯ ಕೋಡೂ ಬಿಐಎಸ್ ಕಾಗದವೂ ಇನ್‌ವಾಯ್ಸ್‌ನ ವಿವರವೂ ಒಂದಕ್ಕೊಂದು ತಾಳೆಯಾಗಬೇಕು.

ಇದೇ ಥರ ಎಫ್‌ಟಿಎ, ಅಂದ್ರೆ ದೇಶಗಳ ನಡುವಿನ ಮುಕ್ತ ವ್ಯಾಪಾರ ಒಪ್ಪಂದ. ಮಲೇಷ್ಯಾ, ಥೈಲ್ಯಾಂಡ್, ವಿಯೆಟ್ನಾಂ ಕಡೆಯಿಂದ ಬರೋ ಗ್ಲೌಸ್‌ಗೆ ಆಸಿಯಾನ್ ಒಪ್ಪಂದದಲ್ಲಿ ಕಡಿಮೆ ಡ್ಯೂಟಿ ಕೇಳಬಹುದು, ಆದ್ರೆ ಸಾಮಾನು ಆ ದೇಶದ್ದೇ ಅನ್ನೋ ಅಲ್ಲಿನ ಸರ್ಟಿಫಿಕೇಟಲ್ಲಿ 4015 ಅಂತ ಇದ್ದು ಇಲ್ಲಿ ಆಫೀಸರ್ 6116 ಅಂದ್ರೆ ಆ ಸರ್ಟಿಫಿಕೇಟ್‌ಗೇ ಕುತ್ತು. 2020ರ ಸೆಪ್ಟೆಂಬರ್‌ನಿಂದ ಕರೋಟಾರ್ ನಿಯಮ ಬಂದ ಮೇಲೆ ಸಾಮಾನು ಆ ದೇಶದಲ್ಲೇ ತಯಾರಾಯ್ತು ಅನ್ನೋ ವಿವರ ಇಂಪೋರ್ಟರ್ ಹತ್ರಾನೇ ಇರಬೇಕು, ಸಪ್ಲೈಯರ್‌ನ ಕೇಳಿ ಅಂದ್ರೆ ನಡೆಯಲ್ಲ.

ಈಗ ಈ ಜಗಳ ನಡೆಯೋ ದಾರಿ. 2011ರಿಂದ ಸೆಲ್ಫ್ ಅಸೆಸ್‌ಮೆಂಟ್, ಕೋಡ್ ಹಾಕೋ ಜವಾಬ್ದಾರಿ ಇಂಪೋರ್ಟರ್‌ದು. ಹಾಸನದಲ್ಲಿ ಸೇಫ್ಟಿ ಸಾಮಾನು ಮಾರೋ ಸಣ್ಣ ವ್ಯಾಪಾರಿಗಳು ಬೆಂಗಳೂರಿನ ಇಂಪೋರ್ಟರ್‌ನಿಂದ ತಗೊಳ್ಳೋದೇ ಹೆಚ್ಚು, ಧೈರ್ಯ ಮಾಡಿ ತಾವೇ ಐಇಸಿ (ಆಮದು-ರಫ್ತಿಗೆ ಬೇಕಾದ ನೋಂದಣಿ ನಂಬರ್) ತಗೊಂಡು ತರಿಸೋರೂ ಇದ್ದಾರೆ. ಸಾಮಾನು ಚೆನ್ನೈಗೋ ಮಂಗಳೂರಿಗೋ ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋಗೋ ಬರುತ್ತೆ. ಫೇಸ್‌ಲೆಸ್ ಅಸೆಸ್‌ಮೆಂಟ್ 2020ರ ಜೂನ್ 8ಕ್ಕೆ ಬೆಂಗಳೂರು ಮತ್ತು ಚೆನ್ನೈಯಲ್ಲೇ ಮೊದಲು ಶುರುವಾಗಿ ಅದೇ ವರ್ಷ ಅಕ್ಟೋಬರ್ ಕೊನೆಗೆ ದೇಶಕ್ಕೆಲ್ಲಾ ಬಂತು, ಹಾಗಾಗಿ ಸಾಮಾನು ಇಲ್ಲಿದ್ರೂ ಬಿಲ್ ನೋಡೋ ಆಫೀಸರ್ ಇನ್ನೆಲ್ಲೋ ಕೂತಿರ್ತಾರೆ. ಲಂಚ, ಪರಿಚಯದ ಪ್ರಭಾವ ತಪ್ಪಿಸೋಕೆ ಇದು ಒಳ್ಳೇದೇ. ಆದ್ರೆ ಸಾಮಾನು ಕೈಗೆ ತಗೊಂಡು ಬಗ್ಗಿಸಿ ನೋಡಿ ತೀರ್ಮಾನ ಮಾಡಬೇಕಾದ ಗ್ಲೌಸಿನಂಥದ್ದಕ್ಕೆ ಸ್ಕ್ರೀನ್ ಮೇಲಿನ ಫೋಟೋ ಸಾಕಾಗಲ್ಲ. ಸಿಎಚ್‌ಎ ಫೋನ್ ಮಾಡ್ತಾನೆ, "ಅಣ್ಣಾ, ಕ್ವೆರಿ ಬಿದ್ದಿದೆ, ಕ್ಯಾಟಲಾಗ್ ಕೇಳ್ತಿದ್ದಾರೆ, ಮೆಟೀರಿಯಲ್ ಎಷ್ಟೆಷ್ಟು ಪರ್ಸೆಂಟ್ ಅಂತ ಲೆಟರ್ ಬೇಕು." ಇವರು ಸಪ್ಲೈಯರ್‌ಗೆ ಮೆಸೇಜ್ ಹಾಕ್ತಾರೆ, ಅಲ್ಲಿ ರಜಾ ಇರುತ್ತೆ, ಇಲ್ಲಿ ಸಾಮಾನು ನಿಂತಿದ್ದಕ್ಕೆ ಬೀಳೋ ಡಿಮರೇಜ್ ಏರ್ತಿರುತ್ತೆ. "ಅವರು ಹೇಳಿದ ಕೋಡೇ ಹಾಕಿ ಬಿಡಿಸಿಕೊಳ್ಳಪ್ಪ, ಆಮೇಲೆ ನೋಡೋಣ" ಅನ್ನೋದು ಇಂಥ ಹೊತ್ತಲ್ಲಿ ಬಾಯಿಗೆ ಬರೋ ಮೊದಲ ಮಾತು.

ಆ "ಆಮೇಲೆ ನೋಡೋಣ"ದ ಬೆಲೆ ತುಂಬಾ ಜನಕ್ಕೆ ಗೊತ್ತಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಐಟಿಸಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಏನಂದ್ರೆ, ಅಸೆಸ್‌ಮೆಂಟನ್ನ ಅಪೀಲಲ್ಲಿ ಬದಲಾಯಿಸಿಕೊಳ್ಳದೆ ನೇರ ರೀಫಂಡ್ ಕೇಳೋ ಹಾಗಿಲ್ಲ, ಸೆಲ್ಫ್ ಅಸೆಸ್‌ಮೆಂಟಿಗೂ ಇದೇ ಮಾತು. ಅಂದ್ರೆ ಹೆಚ್ಚು ಕಟ್ಟಿ ಬಿಡಿಸಿಕೊಂಡ್ರೆ 60 ದಿನದೊಳಗೆ ಕಮಿಷನರ್ ಅಪೀಲ್ಸ್‌ಗೆ ಹೋಗಬೇಕು, ಇಲ್ಲಾಂದ್ರೆ ಆ ದುಡ್ಡು ಹೋಯ್ತು ಅಂತಲೇ. 2025ರ ಫೈನಾನ್ಸ್ ಆಕ್ಟ್, ಕಸ್ಟಮ್ಸ್ ಆಕ್ಟ್‌ಗೆ 18ಎ ಅಂತ ಹೊಸ ಸೆಕ್ಷನ್ ಸೇರಿಸಿ ಕ್ಲಿಯರ್ ಆದ ಮೇಲೂ ಇಂಪೋರ್ಟರ್ ತಾನೇ ಎಂಟ್ರಿ ಸರಿ ಮಾಡಿಕೊಳ್ಳೋ ದಾರಿ ಕೊಟ್ಟಿದೆ, ಇದು ನಿಜಕ್ಕೂ ಒಳ್ಳೇ ಹೆಜ್ಜೆ. ಮೊದಲೇ ಅನುಮಾನ ಇದ್ರೆ ಸೆಕ್ಷನ್ 18ರಲ್ಲಿ ಪ್ರೊವಿಶನಲ್ ಅಸೆಸ್‌ಮೆಂಟ್ ಕೇಳಿ ಬಾಂಡ್ ಕೊಟ್ಟು ಸಾಮಾನು ಬಿಡಿಸಿಕೊಳ್ಳಬಹುದು.

ಕಮ್ಮಿ ಕಟ್ಟಿದ್ದೀರಿ ಅಂತ ಡಿಪಾರ್ಟ್‌ಮೆಂಟ್‌ಗೆ ಅನಿಸಿದ್ರೆ ಸೆಕ್ಷನ್ 28ರಲ್ಲಿ ನೋಟಿಸ್. ಸಾಮಾನ್ಯ ಕೇಸಿಗೆ ಎರಡು ವರ್ಷದ ಮಿತಿ, ಬೇಕಂತಲೇ ಸುಳ್ಳು ಹೇಳಿದ್ರು, ಮುಚ್ಚಿಟ್ರು ಅಂತಾದ್ರೆ ಐದು ವರ್ಷ. ನನಗೆ ಅತಿ ಬೇಜಾರು ತರಿಸೋದು ಇದು. ಕೋಡ್ ಯಾವುದು ಅನ್ನೋದು ಅಭಿಪ್ರಾಯದ ವಿಷಯ, ಸಾಮಾನು ಏನು ಅಂತ ಇಂಪೋರ್ಟರ್ ಸರಿಯಾಗೇ ಬರೆದಿರ್ತಾನೆ, ಆದ್ರೂ ಮುಚ್ಚಿಟ್ಟ ಅನ್ನೋ ಆರೋಪ ಸೇರಿಸಿ ಐದು ವರ್ಷ ಹಿಂದಕ್ಕೆ ಹೋಗಿಬಿಡ್ತಾರೆ. 1998ರಲ್ಲೇ ನಾರ್ದರ್ನ್ ಪ್ಲಾಸ್ಟಿಕ್ ಕೇಸಲ್ಲಿ ಸುಪ್ರೀಂ ಕೋರ್ಟ್, ಸಾಮಾನಿನ ವಿವರ ಸರಿಯಿದ್ದು ಇಂಪೋರ್ಟರ್ ತನ್ನ ನಂಬಿಕೆ ಪ್ರಕಾರ ಒಂದು ವಿನಾಯಿತಿ ಕೇಳಿದ್ರೆ ಅದು ತಪ್ಪು ಘೋಷಣೆ ಆಗಲ್ಲ ಅನ್ನೋ ಅರ್ಥದ ತೀರ್ಪು ಕೊಟ್ಟಿದೆ. ಸಾಮಾನು ಬೇರೆ ಕೋಡಿಗೆ ಸೇರಿದ್ದು ಅಂತ ತೋರಿಸೋ ಹೊಣೆ ಡಿಪಾರ್ಟ್‌ಮೆಂಟ್‌ದು ಅನ್ನೋದೂ ಹಿಂದೂಸ್ತಾನ್ ಫೆರೋಡೊ ತೀರ್ಪಿಂದ ಗಟ್ಟಿಯಾಗಿದೆ. ನೋಟಿಸ್‌ಗೆ ಉತ್ತರ ಕೊಡುವಾಗ ಇವೆರಡನ್ನ ಎತ್ತದೆ ಇರಬೇಡಿ. ಹಾಗೆಯೇ ಇನ್ನೊಂದು, ಡ್ಯೂಟಿ ವಂಚನೆ ಹಿಡಿಯೋ ತನಿಖಾ ಸಂಸ್ಥೆ ಡಿಆರ್‌ಐಗೆ ನೋಟಿಸ್ ಕೊಡೋ ಅಧಿಕಾರವೇ ಇಲ್ಲ ಅನ್ನೋ 2021ರ ಕ್ಯಾನನ್ ತೀರ್ಪು ನಂಬಿಕೊಂಡು ಕೂತೋರಿಗೆ 2024ರ ನವೆಂಬರ್ 7ಕ್ಕೆ ಸುಪ್ರೀಂ ಕೋರ್ಟೇ ಅದನ್ನ ತಿರುಗಿಸಿತು, ಆ ವಾದ ಈಗ ನಡೆಯಲ್ಲ.

ಟೆಕ್ನಿಕಲ್ ಸೇಫ್ಟಿ ಸಾಮಾನಿಗೆ ಉಪಯೋಗ ಬರೋ ಇನ್ನೊಂದು ತೀರ್ಪು 2021ರ ಮಾರ್ಚ್‌ನ ವೆಸ್ಟಿಂಗ್‌ಹೌಸ್ ಸ್ಯಾಕ್ಸ್‌ಬಿ ಫಾರ್ಮರ್ ಕೇಸು. ರೈಲ್ವೆ ಸಿಗ್ನಲಿಗೆ ಹಾಕೋ ರಿಲೇ 8536ರ ಎಲೆಕ್ಟ್ರಿಕಲ್ ಸಾಮಾನಾ, 8608ರ ರೈಲ್ವೆ ಸಿಗ್ನಲ್ ಸಾಮಾನಾ ಅನ್ನೋ ಪ್ರಶ್ನೆ. ಅದು ಎಕ್ಸೈಸ್ ಕೇಸು, ಆದ್ರೆ ಹೆಡಿಂಗ್‌ಗಳು ಅವೇ. ಆ ಸಿಗ್ನಲ್ ಉಪಕರಣಕ್ಕೇ ಬಳಕೆಯಾಗೋದು ಅಂತ ಕೋರ್ಟ್ 8608ನ್ನೇ ಎತ್ತಿ ಹಿಡೀತು. ಉಪಯೋಗ ನೋಡಿ ತೀರ್ಮಾನ ಅಂತ ಇದನ್ನ ಎಲ್ಲದಕ್ಕೂ ಎಳೆದ್ರೆ ಆಗಲ್ಲ, ಆ ಸೆಕ್ಷನ್‌ನ ನೋಟಲ್ಲೇ ಉಪಯೋಗದ ಮಾತಿದೆ, ಗ್ಲೌಸಿನ ಅಧ್ಯಾಯದಲ್ಲಿ ಇಲ್ಲ.

ದೊಡ್ಡ ಕಂಪನಿಗಳಿಗೂ ಇಂಥ ಕೇಸ್ ಬರುತ್ತೆ, ಬಿಡಿಭಾಗ ತಂದು ಜೋಡಿಸೋ ಕಾರಿನ ವರ್ಗೀಕರಣದ ಮೇಲೆ ಸ್ಕೋಡಾ ಫೋಕ್ಸ್‌ವ್ಯಾಗನ್‌ಗೆ ಬಂದ ನೋಟಿಸ್ 140 ಕೋಟಿ ಡಾಲರಿಂದು, ಅವರು ಬಾಂಬೆ ಹೈಕೋರ್ಟಿಗೆ ಹೋದ್ರು. ಅವರ ಹತ್ರ ಸೀನಿಯರ್ ಲಾಯರ್‌ಗಳ ದಂಡೇ ಇರುತ್ತೆ. ಹಾಸನದ ವ್ಯಾಪಾರಿ ಬೆಂಗಳೂರಿನ ಕಸ್ಟಮ್ಸ್ ಟ್ರಿಬ್ಯುನಲ್ ತನಕ ಹೋಗಬೇಕಂದ್ರೆ ಮೊದಲು ಕಮಿಷನರ್ ಅಪೀಲ್ಸ್‌ಗೆ ಡ್ಯೂಟಿಯ 7.5%, ಆಮೇಲೆ ಟ್ರಿಬ್ಯುನಲ್‌ಗೆ 10% ಡಿಪಾಸಿಟ್, ವಕೀಲರ ಫೀಸು, ವರ್ಷಗಟ್ಟಲೆ ಓಡಾಟ, ಟ್ರಿಬ್ಯುನಲ್ ಆದ್ಮೇಲೆ ಕೋಡಿನ ವಿಷಯದ ಅಪೀಲು ಹೈಕೋರ್ಟ್ ಬಿಟ್ಟು ನೇರ ಸುಪ್ರೀಂ ಕೋರ್ಟಿಗೆ. 1,29,800 ರೂಪಾಯಿಗೆ ಯಾರು ದೆಹಲಿಗೆ ಹೋಗ್ತಾರೆ? ಅದಕ್ಕೇ ಸಣ್ಣವರು ಎರಡರಲ್ಲಿ ಒಂದು ಮಾಡ್ತಾರೆ, ಹೇಳಿದಷ್ಟು ಕಟ್ಟಿ ಬೆಲೆ ಏರಿಸ್ತಾರೆ, ಅಥವಾ ಆ ಸಾಮಾನು ತರಿಸೋದೇ ಬಿಡ್ತಾರೆ. ಎರಡರಲ್ಲೂ ತೋಟದ ಲೆಕ್ಕ ನೋಡೋ ಎಸ್ಟೇಟ್ ರೈಟರ್ ಬಂದು ಅಂಗಡಿಯಲ್ಲಿ ಕೇಳಿದಾಗ ಸಿಗೋದು ಮೂಗಿಗೆ ಕಟ್ಟೋ ತೆಳ್ಳನೆ ಬಟ್ಟೆ ಮಾಸ್ಕು, ಔಷಧಿ ಆವಿ ತಡೆಯೋ ಡಬ್ಬಿ ಮಾಸ್ಕಲ್ಲ.

ಹಾಗಾದ್ರೆ ತರಿಸೋರು ಏನು ಮಾಡಬಹುದು. ಆರ್ಡರ್ ಹಾಕೋ ಮೊದಲೇ ಸಪ್ಲೈಯರ್ ಹತ್ರ ಮೆಟೀರಿಯಲ್ ವಿವರ ಲೆಟರ್‌ಹೆಡ್‌ನಲ್ಲಿ ತಗೊಳ್ಳಿ, ತೂಕ ಮತ್ತು ಹೊರಮೈ ಎರಡರ ಲೆಕ್ಕದಲ್ಲೂ. ಇನ್‌ವಾಯ್ಸಲ್ಲಿ "ಸೇಫ್ಟಿ ಗ್ಲೌಸ್" ಅಂತಷ್ಟೇ ಬರೆಸಬೇಡಿ, ಹೆಣೆದ ಪಾಲಿಯೆಸ್ಟರ್ ಮೇಲೆ ಅಂಗೈಗೆ ನೈಟ್ರೈಲ್ ಅದ್ದಿದ್ದು ಅಂತ ಪೂರ್ತಿ ಬರೆಸಿ, ನಾಳೆ ಮುಚ್ಚಿಟ್ರು ಅನ್ನೋ ಆರೋಪಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಇಲ್ಲ. ಹೆಲ್ಮೆಟ್, ಗಾಗಲ್ಸ್, ಇಯರ್ ಪ್ಲಗ್, ಗ್ಲೌಸ್ ಒಂದೇ ಬ್ಯಾಗಲ್ಲಿ ಕಿಟ್ ಅಂತ ತರಿಸುವಾಗ ಜೋಪಾನ, ಚಿಲ್ಲರೆ ಮಾರಾಟಕ್ಕೆ ಅಂತ ಒಟ್ಟು ಕಟ್ಟಿದ ಸೆಟ್ ಅಂತ ಒಪ್ಪದಿದ್ರೆ ಪ್ರತಿಯೊಂದಕ್ಕೂ ಬೇರೆ ಕೋಡು, ಹಾಗಾಗಿ ಇನ್‌ವಾಯ್ಸಲ್ಲೇ ಬೇರೆ ಬೇರೆ ಬೆಲೆ ಹಾಕಿಸೋದು ವಾಸಿ. ಪ್ರತಿ ಸಲವೂ ಅದೇ ಸಾಮಾನು ತರಿಸ್ತೀರಿ ಅಂದ್ರೆ ಅಡ್ವಾನ್ಸ್ ರೂಲಿಂಗ್ ತಗೊಳ್ಳಿ, 10,000 ರೂಪಾಯಿ ಫೀಸು, ಕಸ್ಟಮ್ಸ್ ಅಥಾರಿಟಿ ಫಾರ್ ಅಡ್ವಾನ್ಸ್ ರೂಲಿಂಗ್ಸ್‌ನ ಆಫೀಸು ದೆಹಲಿ ಮತ್ತು ಮುಂಬೈಯಲ್ಲಿವೆ, ಮೂರು ತಿಂಗಳೊಳಗೆ ಕೊಡಬೇಕು ಅಂತ ಕಾನೂನು, ಸಿಕ್ಕಿದ ರೂಲಿಂಗ್ ಕೆಲವು ವರ್ಷ ನಡೆಯುತ್ತೆ. ತೊಂದರೆ ಏನಂದ್ರೆ ಅದು ಕೇಳಿದವರಿಗೆ ಮಾತ್ರ ಲಾಗೂ, ಪಕ್ಕದ ಅಂಗಡಿಯವನು ಅದನ್ನ ತೋರಿಸಿ ವಾದ ಮಾಡಬಹುದೇ ಹೊರತು ಆಫೀಸರ್ ಒಪ್ಪಲೇಬೇಕು ಅಂತಿಲ್ಲ. ಒಬ್ಬೊಬ್ಬರೂ ಹತ್ತು ಸಾವಿರ ಕಟ್ಟಿ ಒಂದೇ ಗ್ಲೌಸಿನ ಬಗ್ಗೆ ಕೇಳಬೇಕು ಅನ್ನೋದು ನ್ಯಾಯ ಅಲ್ಲ.

ಸರ್ಕಾರ ಮನಸ್ಸು ಮಾಡಿದ್ರೆ ಇದನ್ನ ಬಿಡಿಸೋಕೆ ಆಗುತ್ತೆ ಅನ್ನೋದಕ್ಕೆ ಕೋವಿಡ್ ಕಾಲವೇ ಸಾಕ್ಷಿ. 2020ರಲ್ಲಿ ವರ್ಲ್ಡ್ ಕಸ್ಟಮ್ಸ್ ಆರ್ಗನೈಸೇಶನ್ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಮಾಸ್ಕ್, ಗ್ಲೌಸ್, ಫೇಸ್ ಶೀಲ್ಡ್, ಗೌನ್ ಯಾವ ಯಾವ ಕೋಡಿಗೆ ಅಂತ ಪಟ್ಟಿ ಹೊರಡಿಸಿದ್ರು, ಎನ್95 6307, ಮುಖ ಮುಚ್ಚೋ ಪ್ಲಾಸ್ಟಿಕ್ ಶೀಲ್ಡ್ 3926 ಅಂತೆಲ್ಲ. ನಮ್ಮ ಸರ್ಕಾರ ಅದೇ ವರ್ಷ ಏಪ್ರಿಲ್ 9ರಿಂದ ಸೆಪ್ಟೆಂಬರ್ 30ರ ತನಕ ಮಾಸ್ಕ್, ಪಿಪಿಇ, ವೆಂಟಿಲೇಟರ್ ಮೇಲಿನ ಬೇಸಿಕ್ ಡ್ಯೂಟಿ, ಹೆಲ್ತ್ ಸೆಸ್ ತೆಗೆದಿತ್ತು. ಆಸ್ಪತ್ರೆಗೆ ಮಾಡಿದ್ದನ್ನ ಕಾರ್ಖಾನೆಗೆ, ತೋಟಕ್ಕೆ ಮಾಡೋಕೆ ಏನು ಅಡ್ಡಿ. ಇಲ್ಲಿ ಸೇಫ್ಟಿ ಸಾಮಾನು ತಯಾರಿಸೋರಿಗೆ ಪೆಟ್ಟು ಬೀಳುತ್ತೆ ಅನ್ನೋ ಮಾತು ಬರುತ್ತೆ, ಅದೂ ಸರಿಯಾದ ಕಾಳಜಿಯೇ, ನಮ್ಮ ದೇಶದಲ್ಲೇ ಒಳ್ಳೇ ಶೂ, ಹೆಲ್ಮೆಟ್, ಹಾರ್ನೆಸ್ ಮಾಡೋರಿದ್ದಾರೆ. ಆದ್ರೆ ನಾನು ಕೇಳ್ತಿರೋದು ಡ್ಯೂಟಿ ತೆಗೀರಿ ಅಂತಲ್ಲ. ಡ್ಯೂಟಿ ಎಷ್ಟು ಬೇಕೋ ಹಾಕಿ, ಯಾವ ಸಾಮಾನು ಯಾವ ಸಾಲಿಗೆ ಅನ್ನೋದನ್ನ ಮೊದಲೇ ಹೇಳಿ, ಸಾಮಾನು ಬಂದು ಮೂರು ವರ್ಷ ಆದ್ಮೇಲೆ ಹೇಳಬೇಡಿ.

ಇದಕ್ಕೆ ಸಮಯವೂ ಕೂಡಿ ಬಂದಿದೆ. ಎಚ್‌ಎಸ್ ಪಟ್ಟಿಯ ಮುಂದಿನ ಪರಿಷ್ಕರಣೆ 2028ರ ಜನವರಿ 1ರಿಂದ ಜಾರಿ, ಅದಕ್ಕೆ ಸರಿಯಾಗಿ ನಮ್ಮ ಟ್ಯಾರಿಫ್ ಶೆಡ್ಯೂಲ್ ತಿದ್ದಲೇಬೇಕು. ಕೊನೆ ಎರಡು ಅಂಕಿ ನಮ್ಮ ಕೈಯಲ್ಲೇ ಇರೋದ್ರಿಂದ 6116, 4015, 6307, 3926ರ ಒಳಗೆ ಕೈಗಾರಿಕಾ ಸುರಕ್ಷತೆಗೆ ಅಂತ ಬೇರೆ ಸಾಲು ತೆಗೆದು ಐಎಸ್ 3521ರ ಹಾರ್ನೆಸ್, ಐಎಸ್ 9473ರ ಧೂಳಿನ ಮಾಸ್ಕ್ ಥರ ಬಿಐಎಸ್ ನಂಬರ್ ಜೊತೆಗೇ ಜೋಡಿಸಿದ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ. ಬಜೆಟ್‌ಗೆ ಮುಂಚೆ ಹಣಕಾಸು ಸಚಿವಾಲಯ ವ್ಯಾಪಾರ ಸಂಘಗಳಿಂದ ಸಲಹೆ ಕೇಳುತ್ತೆ, ಎಫ್‌ಕೆಸಿಸಿಐ, ಕಾಸಿಯಾ ಎರಡರಲ್ಲೂ ನಮ್ಮ ಜಿಲ್ಲೆಗಳವರು ಸದಸ್ಯರಾಗಿದ್ದಾರೆ, ಕಾಫಿ ಬೆಳೆಗಾರರ ಸಂಘಗಳೂ ಇವೆ. ಬೆಳೆಗಾರರು ಕಾಫಿ ರೇಟು, ಆನೆ ಹಾವಳಿ ಬಗ್ಗೆ ಬರೆಯೋ ಮನವಿಯಲ್ಲೇ ಒಂದು ಪ್ಯಾರಾ ಇದಕ್ಕೂ ಇಡಲಿ: ವಾಲ್ವ್ ಇರೋ ಎನ್95 ಯಾವ ಹೆಡಿಂಗ್, ಬಿಡಿ ಫಿಲ್ಟರ್ ಡಬ್ಬಿ ಯಾವ ಹೆಡಿಂಗ್, ಚರ್ಮ ಬಟ್ಟೆ ಸೇರಿದ ಗ್ಲೌಸ್ ಯಾವುದು, ಫೈಬರ್‌ಗ್ಲಾಸ್ ಏಣಿ ಯಾವುದು, ಅಳೆದು ಕೂಗೋ ಗ್ಯಾಸ್ ಮೀಟರ್ ಯಾವುದು. ಐದು ಪ್ರಶ್ನೆ, ಒಂದು ಸರ್ಕ್ಯುಲರ್‌ನಲ್ಲಿ ಉತ್ತರ ಕೊಡಬಹುದು.